ಹುಲ್ಲಿನ ಮೇಲಿನ ಹಾಸುಬಲೆಗಳಿಗೆ ವಿಷ ಸಿಂಪಡಿಸದಿರಿ

ಮಾನ್ಯ ಸಂಪಾದಕರೇ,

ಮಳೆ ನಿಂತು ಮಂಜು ಬೀಳತೊಡಗಿದ ಮೇಲೆ ನಮ್ಮ ಕಾಸರಗೋಡಿನ ಅಡಿಕೆ ತೋಟಗಳ ಹುಲ್ಲಿನಲ್ಲೂ ಉದ್ಯಾನಗಳ ಬೇಲಿಗಿಡಗಳಲ್ಲೂ ಬಿಳಿ ಬಟ್ಟೆ ಹಾಸಿದಂತಹ ಜೇಡರ ಬಲೆಗಳು ಎದ್ದು ಕಾಣುತ್ತವೆ. ಇವೆಲ್ಲವೂ ಒಂದೇ ಬಗೆಯ ಜೇಡದವಲ್ಲ.

ನೆಲಕ್ಕೊರಗಿದ ಬಲೆಯ ಒಂದು ಮೂಲೆ ಆಲಿಕೆಯಂತೆ ಕಿರಿದಾಗಿ ಹುಲ್ಲಿನ ಬುಡಕ್ಕೆ ಇಳಿದಿದ್ದರೆ ಅದು ಹೆಚ್ಚಾಗಿ ಹಿಪ್ಪಾಸ ಎಂಬ ತೋಳಜೇಡದ್ದು. ಕಡ್ಡಿಯಿಂದ ಮೆಲ್ಲನೆ ತಟ್ಟಿದರೆ ಕಂದುಬಣ್ಣದ ಜೇಡ ಬಲೆಯ ಮೇಲೆಯೇ ಓಡಿಬಂದು, ಬೇಟೆಯಿಲ್ಲವೆಂದು ತಿಳಿದೊಡನೆ ಕೊಳವೆಯೊಳಗೆ ಮರೆಯಾಗುತ್ತದೆ. ಅದರ ಹಿಂತುದಿಯಲ್ಲಿ ನೂಲು ಬಿಡುವ ಉದ್ದನೆಯ ಅಂಗಗಳನ್ನೂ ಆಗ ನೋಡಬಹುದು. ನಿಜವಾದ ಹಾಸುಬಲೆ ಜೇಡಗಳಾದ ಲಿನಿಫಿಡೇ ಕುಟುಂಬದವು ಬಲೆಯ ಅಡಿಯಲ್ಲಿ ತಲೆಕೆಳಗಾಗಿ ನೇತಾಡುತ್ತವೆ. ಈ ಕುಟುಂಬದಲ್ಲಿ 4,000ಕ್ಕೂ ಹೆಚ್ಚು ಪ್ರಭೇದಗಳಿದ್ದರೂ ಹೆಚ್ಚಿನವು ಕೆಲವೇ ಮಿಲಿಮೀಟರ್ ಉದ್ದದವಾದ್ದರಿಂದ ಕಣ್ಣಿಗೆ ಬೀಳುವುದು ಕಡಿಮೆ. ಬೇಲಿಗಿಡಗಳಲ್ಲಿ ಸೊಳ್ಳೆಪರದೆಯಷ್ಟು ನವಿರಾದ ಗುಡಾರವಿದ್ದು, ಮೇಲೆ ಅಡ್ಡಾದಿಡ್ಡಿ ಎಳೆಗಳಿದ್ದರೆ ಅದು ಸಿರ್ಟೋಫೋರ. ಇದು ಹಾಸಿನಂತೆ ಕಂಡರೂ ಚಕ್ರಬಲೆ ನೇಯುವ ಜೇಡಗಳ ಬಳಗಕ್ಕೆ ಸೇರಿದ್ದು.

ಇವು ಮನುಷ್ಯರಿಗೆ ಅಪಾಯಕಾರಿಯಲ್ಲ. ಹೀಗಿದ್ದರೂ ಸಮೀಪದ ಉದ್ಯಾನವೊಂದರಲ್ಲಿ, ವಿಷಜೇಡಗಳೆಂದು ಹೆದರಿ ಹುಲ್ಲುಹಾಸಿಗೆಲ್ಲ ಕೀಟನಾಶಕ ಸಿಂಪಡಿಸುತ್ತಿದ್ದುದನ್ನು ಕಂಡು ನನಗೆ ತುಂಬಾ ನೋವಾಯಿತು. ಸೊಳ್ಳೆ, ನೊಣ, ಮಿಡತೆಗಳನ್ನು ಹಿಡಿಯುವ ಜೀವಿಗಳನ್ನೇ ನಾವು ಕೊಲ್ಲುತ್ತಿದ್ದೇವೆ. ಈ ಮೂರು ಬಲೆಗಳ ಚಿತ್ರವಿರುವ ಫಲಕವನ್ನು ಕನ್ನಡ ಹಾಗೂ ಮಲಯಾಳದಲ್ಲಿ ಉದ್ಯಾನಗಳ ಬಾಗಿಲಲ್ಲಿ ಹಾಕಿಸಬೇಕೆಂದು ಸ್ಥಳೀಯಾಡಳಿತಗಳನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಓರ್ವ ಅಡಿಕೆ ಕೃಷಿಕ
ಬದಿಯಡ್ಕ, ಕಾಸರಗೋಡು ಜಿಲ್ಲೆ