ಅಯಾನ್ ಮಷೀನು ಗಾಳಿ ತೊಳೆಯುತ್ತೋ, ಗೋಡೆಗೆ ಕೊಳೆ ಬಳಿಯುತ್ತೋ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯ ಪುಟದಲ್ಲಿ ಮನೆಯೊಳಗಿನ ಗಾಳಿ ಶುದ್ಧ ಮಾಡೋ ಮಷೀನುಗಳ ಬಗ್ಗೆ ಬಂದ ಬರಹ ಓದಿದೆ. ನೆಗೆಟಿವ್ ಅಯಾನು (ನೆಗೆಟಿವ್ ವಿದ್ಯುತ್ ಚಾರ್ಜ್ ಇರೋ ಗಾಳಿಯ ಕಣ), ಓಝೋನು (ಆಮ್ಲಜನಕದ ಮೂರು ಪರಮಾಣು ಸೇರಿ ಆಗೋ ಅನಿಲ) ಎರಡನ್ನೂ ಒಂದೇ ಉಸಿರಲ್ಲಿ ಹೊಗಳಿ, ಜಲಪಾತದ ಪಕ್ಕದ ಗಾಳಿ ಇನ್ಮೇಲೆ ನಿಮ್ಮ ಬೆಡ್‌ರೂಮಲ್ಲೇ ಸಿಗುತ್ತೆ ಅಂತ ಬರೆದಿದ್ರು. ಅದರ ಮೇಲೆ ‘ಜಾಹೀರಾತು’ ಅಂತ ಒಂದು ಸಾಲು ಹಾಕಿದ್ರೆ ನಾನು ಈ ಪತ್ರ ಬರೀತಾನೇ ಇರ್ಲಿಲ್ಲ.

ಜಲಪಾತದ ಮಾತು ಪೂರ್ತಿ ಸುಳ್ಳೇನಲ್ಲ. ನೀರು ಬಿದ್ದು ತುಂತುರಾಗಿ ಒಡೆಯುವಾಗ ಸುತ್ತಲಿನ ಗಾಳಿಗೆ ನೆಗೆಟಿವ್ ಚಾರ್ಜ್ ಬರುತ್ತೆ ಅನ್ನೋದನ್ನ ಫಿಲಿಪ್ ಲೆನಾರ್ಡ್ ಅನ್ನೋ ವಿಜ್ಞಾನಿ 1892ರಲ್ಲೇ ಬರೆದಿದ್ದಾರೆ. ಆದ್ರೆ ಮಷೀನಲ್ಲಿ ನೀರೂ ಇಲ್ಲ ಬಂಡೆಯೂ ಇಲ್ಲ, ಇರೋದು ಸೂಜಿ ಮೊನೆ ಇಲ್ಲಾಂದ್ರೆ ಕಾರ್ಬನ್ ಎಳೆಗಳ ಸಣ್ಣ ಬ್ರಷ್ಷು, ಅದಕ್ಕೆ ಸಾವಿರಾರು ವೋಲ್ಟ್ ಕೊಟ್ಟಾಗ ಮೊನೆಯಿಂದ ಎಲೆಕ್ಟ್ರಾನುಗಳು ಹಾರಿ ಗಾಳೀಲಿರೋ ಆಮ್ಲಜನಕಕ್ಕೆ ಅಂಟ್ಕೊಳ್ಳುತ್ತೆ, ಅದೇ ನೆಗೆಟಿವ್ ಅಯಾನು. ಅದು ಹೋಗಿ ಧೂಳಿನ ಕಣಕ್ಕೋ ಹೊಗೆ ಕಣಕ್ಕೋ ಚಾರ್ಜ್ ಕೊಡುತ್ತೆ, ಚಾರ್ಜ್ ಆದ ಕಣ ಹತ್ತಿರದಲ್ಲಿ ಏನು ಸಿಗುತ್ತೋ ಅದಕ್ಕೆ ಹೋಗಿ ಅಂಟುತ್ತೆ. ಗೋಡೆಗೆ, ಕರ್ಟನ್ನಿಗೆ, ಟೀವಿ ಪರದೆಗೆ, ನಮ್ಮ ಅಂಗಿಗೆ, ಉಸಿರಲ್ಲಿ ಒಳಗೆ ಹೋದ್ರೆ ಶ್ವಾಸನಾಳಕ್ಕೂ.

ಅಂದ್ರೆ ಧೂಳು ಎಲ್ಲೂ ಮಾಯ ಆಗಿಲ್ಲ, ಜಾಗ ಬದಲಾಯ್ಸಿದೆ ಅಷ್ಟೆ. ಸ್ವಲ್ಪ ದಿನ ಅಯಾನ್ ಮಷೀನು ಇಟ್ಟ ಕಡೆ ಹಿಂದಿನ ಗೋಡೆ ನೋಡಿ, ಮಷೀನಿನ ಸುತ್ತ ಹೊಗೆ ಬಡಿದ ಹಾಗೆ ಬೂದು ಬಣ್ಣದ ಕಲೆ ಇರುತ್ತೆ, ಒಣ ಬಟ್ಟೇಲಿ ಒರೆಸಿದ್ರೆ ಇನ್ನಷ್ಟು ಹರಡುತ್ತೆ, ಒದ್ದೆ ಬಟ್ಟೆ ಬೇಕು. ಸೂಜಿ ಮೊನೆ ಮೇಲೂ ಬಿಳಿ ನೂಲಿನ ಥರ ಕಸ ಕಟ್ಟಿರುತ್ತೆ, ಅದನ್ನ ತೆಗೀದೆ ಬಿಟ್ರೆ ಚಟಪಟ ಸದ್ದು ಶುರುವಾಗುತ್ತೆ. ಗೋಡೆ ಒರೆಸೋ ಅಭ್ಯಾಸ ಇಲ್ಲಾಂದ್ರೆ ಫ್ಯಾನು ಹಾಕ್ದಾಗ, ಮಕ್ಕಳು ಓಡಾಡ್ದಾಗ ಆ ಧೂಳು ಮತ್ತೆ ಮೇಲೇಳುತ್ತೆ. ಇನ್ನು ಪೇಂಟಿನ ವಾಸನೆ, ಗ್ಯಾಸ್ ಒಲೆಯಿಂದ ಬರೋ ನೈಟ್ರೋಜನ್ ಡೈಆಕ್ಸೈಡು ಇಂಥ ಅನಿಲಗಳ ಮೇಲೆ ಅಯಾನಿನ ಆಟ ನಡೆಯೋದೂ ಅಷ್ಟಕ್ಕಷ್ಟೆ.

ಹಾಗಂತ ಇಡೀ ತತ್ವವೇ ದಂಡ ಅಂತಲ್ಲ. ಚಾರ್ಜ್ ಆದ ಕಣಗಳನ್ನ ಹಿಡಿಯೋಕೆ ಮಷೀನಿನ ಒಳಗೇ ವಿರುದ್ಧ ಚಾರ್ಜಿನ ಲೋಹದ ತಟ್ಟೆಗಳಿದ್ರೆ ಅದು ನಿಜವಾಗ್ಲೂ ಕೆಲಸ ಮಾಡುತ್ತೆ, ಕಾರ್ಖಾನೆ ಚಿಮಣಿಗಳಲ್ಲಿ ಹೊಗೆ ಬೂದಿ ಹಿಡಿಯೋಕೆ ನೂರು ವರ್ಷಕ್ಕೂ ಮಿಕ್ಕಿ ಬಳಸ್ತಿರೋದು ಇದೇ ಉಪಾಯ. ಆದ್ರೆ ತಟ್ಟೆ ತೊಳೀತಾ ಇರಬೇಕು, ಕೊಳೆ ತುಂಬಿದ ತಟ್ಟೆ ಹಿಡಿಯೋದು ಕಮ್ಮಿ. ನಿಮ್ಮ ಬರಹದಲ್ಲಿ ತಟ್ಟೆ ಅನ್ನೋ ಪದವೇ ಇಲ್ಲ.

ಮನಸ್ಸು ಹಗುರ ಆಗುತ್ತೆ, ನಿದ್ದೆ ಚೆನ್ನಾಗಿ ಬರುತ್ತೆ ಅಂತ ಬರೆದಿದ್ರಲ್ಲ, ಅದ್ರ ಬಗ್ಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ 2013ರಲ್ಲಿ ಒಟ್ಟು ಹಾಕಿ ನೋಡಿದಾಗ ಆತಂಕ, ನಿದ್ದೆ, ಮೂಡು ಯಾವುದರ ಮೇಲೂ ನೆಚ್ಚಿಕೊಳ್ಳುವಂಥ ಪರಿಣಾಮ ಸಿಗಲಿಲ್ಲ. ತುಂಬಾ ಹೆಚ್ಚು ಅಯಾನು ಬಿಟ್ಟಾಗ ಖಿನ್ನತೆ ಲಕ್ಷಣ ಸ್ವಲ್ಪ ಕಮ್ಮಿ ಆಗಿದ್ದು ಮಾತ್ರ ಕಂಡಿತ್ತು, ಅದನ್ನೂ ಹೇಳ್ಬೇಕು. (ನೆಗೆಟಿವ್ ಅಯಾನ್ ಬಳೆ, ಪದಕ ಅಂತ ಮಾರ್ತಾರಲ್ಲ, ಅವುಗಳಲ್ಲಿ ಕೆಲವಕ್ಕೆ ಥೋರಿಯಂ ಥರದ ವಿಕಿರಣ ಸೂಸೋ ಖನಿಜ ಹಾಕಿರ್ತಾರೆ. 2021ರ ಡಿಸೆಂಬರಲ್ಲಿ ನೆದರ್ಲೆಂಡ್ಸಿನ ವಿಕಿರಣ ಸುರಕ್ಷತಾ ಸಂಸ್ಥೆ ಇಂಥ 10 ವಸ್ತುಗಳನ್ನ ಹಾಕ್ಕೋಬೇಡಿ ಅಂತ ಎಚ್ಚರಿಕೆ ಕೊಟ್ಟಿತ್ತು. ದುಡ್ಡು ಕೊಟ್ಟು ಕೊರಳಿಗೆ ಕಟ್ಕೊಳ್ಳೋದು ಬೇರೆ.)

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಓಝೋನ್ ವಿಷಯಕ್ಕೆ. ಅದನ್ನ ‘ಚುರುಕು ಆಮ್ಲಜನಕ’ ಅಂತ ಕರೆದು, ಮಷೀನು ಆನ್ ಮಾಡಿ ಹಾಯಾಗಿ ಮಲಗಿ ಅಂದಿದ್ದಾರೆ. ಓಝೋನು ಕೀಟಾಣು ಕೊಲ್ಲುತ್ತೆ ಅನ್ನೋದು ನಿಜ, ಫ್ರಾನ್ಸಿನ ನೀಸ್ ನಗರದಲ್ಲಿ 1906ರಿಂದಲೇ ಕುಡಿಯೋ ನೀರಿಗೆ ಬಳಸ್ತಿದ್ರು. ಆದ್ರೆ ಅದು ಕೊಲ್ಲೋದು ಹೇಗೆ? ಅದರಲ್ಲಿರೋ ಆಮ್ಲಜನಕದ ಮೂರನೇ ಪರಮಾಣು ಕಳಚಿ ಎದುರಿಗೆ ಸಿಕ್ಕಿದ್ದನ್ನ ಸುಡುತ್ತೆ, ಬ್ಯಾಕ್ಟೀರಿಯಾದ ಪೊರೆ ಯಾವುದು ನಮ್ಮ ಶ್ವಾಸಕೋಶದ ಪೊರೆ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಎಳೆದು ಕಟ್ಟಿದ ರಬ್ಬರನ್ನೇ ಬಿರುಕು ಬಿಡಿಸೋ ಅನಿಲ ಇದು. ಕೆಮ್ಮು, ಎದೆ ಬಿಗಿತ, ಗಂಟಲು ಉರಿ ಬರುತ್ತೆ, ಆಸ್ತಮಾ ಇದ್ದೋರಿಗಂತೂ ಕೇಳೋದೇ ಬೇಡ.

ಲೆಕ್ಕ ನೋಡಿ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವೈದ್ಯಕೀಯ ಉಪಕರಣಗಳಿಗೆ ಇಟ್ಟಿರೋ ಮಿತಿ 0.05 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗ ಗಾಳಿಗೆ 0.05 ಭಾಗ ಓಝೋನು. ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಮನೆಗೆ ಮಾರೋ ಏರ್ ಕ್ಲೀನರುಗಳಿಗೂ ಇದೇ ಮಿತಿ. ಗಾಳೀಲಿರೋ ಸೂಕ್ಷ್ಮಾಣುಗಳು ಮತ್ತೆ ತಲೆ ಎತ್ತದ ಹಾಗೆ ಮಾಡ್ಬೇಕು ಅಂದ್ರೆ ಆರೋಗ್ಯದ ಮಿತಿಗಿಂತ 5ರಿಂದ 10 ಪಟ್ಟು ಓಝೋನು ಬೇಕಾಗುತ್ತೆ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತೆ. ಮಿತಿಯೊಳಗೆ ಇಟ್ರೆ ಕೀಟಾಣು ಸಾಯಲ್ಲ, ಕೀಟಾಣು ಸಾಯೋವಷ್ಟು ಬಿಟ್ರೆ ರೂಮಲ್ಲಿ ಮನುಷ್ಯರು ಇರಂಗಿಲ್ಲ. ಬೆಂಕಿ ಬಿದ್ದ ಮನೆಯ ಹೊಗೆ ವಾಸನೆ ತೆಗೆಯೋರು ಇದನ್ನ ಬಳಸ್ತಾರೆ ನಿಜ, ಆದ್ರೆ ಜನ, ಸಾಕುಪ್ರಾಣಿ, ಗಿಡ ಎಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿ ಮಷೀನು ಓಡಿಸ್ತಾರೆ, ಆಮೇಲೆ ಕಿಟಕಿ ತೆಗೆದು ಗಾಳಿ ಆಡಿಸಿದ ಮೇಲೇ ಒಳಗೆ ಬಿಡೋದು.

ಇನ್ನೊಂದು ಎಡವಟ್ಟು ಇದೆ. ನೆಲ ಒರೆಸೋ ನಿಂಬೆ ವಾಸನೆ ಲಿಕ್ವಿಡ್ಡು, ಪೈನ್ ಎಣ್ಣೆ ಇವುಗಳಲ್ಲಿರೋ ಲಿಮೊನೀನು, ಪೈನೀನು ಅನ್ನೋ ವಾಸನೆ ರಾಸಾಯನಿಕಗಳು ಓಝೋನ್ ಜೊತೆ ಸೇರಿದ್ರೆ ಫಾರ್ಮಾಲ್ಡಿಹೈಡು ಅನ್ನೋ ವಿಷ ಅನಿಲ ಹುಟ್ಟುತ್ತೆ, ಅದರ ಜೊತೆ ತೀರಾ ಸೂಕ್ಷ್ಮ ಕಣಗಳೂ. ಗಾಳಿ ಶುದ್ಧ ಮಾಡೋಕೆ ಅಂತ ತಂದ ಮಷೀನೇ ಹೊಸ ಮಾಲಿನ್ಯ ತಯಾರಿಸುತ್ತೆ. ವಾಸನೆ ಬಂದ್ರೆ ಆಫ್ ಮಾಡಿದ್ರಾಯ್ತು ಅನ್ನೋ ಹಾಗೂ ಇಲ್ಲ, ಸ್ವಲ್ಪ ಹೊತ್ತಲ್ಲೇ ಮೂಗು ಅದಕ್ಕೆ ಒಗ್ಗಿ ಹೋಗುತ್ತೆ. ಬರೀ ಅಯಾನ್ ಅಂತ ಮಾರೋ ಮಷೀನಲ್ಲೂ ಆ ಸೂಜಿ ಮೊನೆಯ ಹೈ ವೋಲ್ಟೇಜಿಗೆ ಸ್ವಲ್ಪ ಓಝೋನು ಹುಟ್ಟೇ ಹುಟ್ಟುತ್ತೆ, ಕಮ್ಮಿಯೋ ಜಾಸ್ತಿಯೋ ಅನ್ನೋದು ತಯಾರಿ ಮೇಲೆ ಹೋಗುತ್ತೆ.

ಧೂಳಿನ ತೊಂದರೆ ಇರೋರಿಗೆ 0.3 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಣಗಳಲ್ಲಿ ಶೇ 99.97ರಷ್ಟು ಹಿಡಿಯೋ ಹೆಪಾ ಫಿಲ್ಟರು, ವಾಸನೆಗೆ ಆಕ್ಟಿವೇಟೆಡ್ ಕಾರ್ಬನ್ನು (ವಾಸನೆ ಹೀರೋ ವಿಶೇಷ ಇದ್ದಿಲು) ಸಾಕು, ಅದರ ಜೊತೆ ಅಯಾನ್ ಬಟನ್ ಇದ್ರೆ ಆಫ್ ಮಾಡಿ ಇಡ್ಬಹುದು. ಹೊರಗಿನ ಗಾಳಿ ಚೆನ್ನಾಗಿದ್ರೆ ಕಿಟಕಿ ತೆಗೀರಿ, ಅದಕ್ಕೆ ಕರೆಂಟೂ ಬೇಡ.

ಕೊನೆಗೆ ನಿಮ್ಮಲ್ಲಿ ಕೇಳೋದು ಇಷ್ಟೇ ಸರ್. ಆ ಬರಹದಲ್ಲಿ ಹೊಗಳಿದ ಮಷೀನು ಎಷ್ಟು ಪಿಪಿಎಂ ಓಝೋನ್ ಬಿಡುತ್ತೆ, ಅದನ್ನ ಅಳೆದವರು ಯಾರು, ಒಳಗೆ ಧೂಳು ಹಿಡಿಯೋ ತಟ್ಟೆ ಇದೆಯೋ ಇಲ್ವೋ ಅಂತ ಬರೆದವರನ್ನ ಕೇಳಿ, ಅವರು ಕೊಡೋ ಉತ್ತರನ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ.

ಇಂತಿ,
ಒಬ್ಬ ಓದುಗ