ವೇದಿಕೆ ತೆಗೆ, ಮೇಜು ಹಾಕು

ಗೆಳೆಯಾ,

ನೀನು ಕಳಿಸಿದ ನಕ್ಷೆ ನೋಡಿದೆ. ಊರಿನ ಯೋಜನೆ ಮಾಡುವಾಗ ಜನರೂ ಬಂದು ಕೈಜೋಡಿಸಲಿ ಅಂತ ಒಂದು ಜಾಗ ಕಟ್ಟಲು ಹೊರಟಿದ್ದೀಯಲ್ಲ, ಖುಷಿಯಾಯಿತು. ಗಾಳಿ ಬೆಳಕು ಎಲ್ಲ ಚೆನ್ನಾಗಿದೆ. ಆದರೆ ನಡುವೆ ಇರುವ ಆ ವೇದಿಕೆಯನ್ನು ದಯವಿಟ್ಟು ತೆಗೆದುಬಿಡು. ಸಿಟ್ಟಾಗಬೇಡ, ಯಾಕೆ ಅಂತ ಹೇಳುತ್ತೇನೆ.

ವೇದಿಕೆ ಇದ್ದರೆ ಮೈಕ್ ಬರುತ್ತದೆ. ಮೈಕ್ ಬಂದಮೇಲೆ ಭಾಷಣ ತಪ್ಪಿದ್ದಲ್ಲ. ಮೇಲೆ ಅಧಿಕಾರಿಗಳು, ಕೆಳಗೆ ಸಾಲು ಕುರ್ಚಿ. ಎಲ್ಲ ಮುಗಿಯುವ ಹೊತ್ತಿಗೆ ‘ಏನಾದರೂ ಪ್ರಶ್ನೆ ಇದ್ದರೆ ಕೇಳಿ’ ಅನ್ನುತ್ತಾರೆ. ಆಗ ಏಳುವುದು ಯಾರು? ಎಲ್ಲ ಸಭೆಯಲ್ಲೂ ಏಳುವ ಅದೇ ನಾಲ್ಕು ಜನ. ಮಗು ಎತ್ತಿಕೊಂಡು ಹಿಂದೆ ನಿಂತ ಹೆಂಗಸು ಬಾಯಿ ಬಿಡುವುದಿಲ್ಲ. ಹೇಳುವುದಕ್ಕೆ ಏನೂ ಇಲ್ಲ ಅಂತಲ್ಲ. ಯಾವ ತಿರುವಿನಲ್ಲಿ ಜೀವ ಕೈಯಲ್ಲಿ ಹಿಡಿದು ರಸ್ತೆ ದಾಟಬೇಕು ಅನ್ನುವುದು ಆಕೆಗೇ ಜಾಸ್ತಿ ಗೊತ್ತು.

ಇದಕ್ಕೆ ಬ್ರಿಟನ್ನಿನ ಟೋನಿ ಗಿಬ್ಸನ್ 1970ರ ದಶಕದಲ್ಲೇ ಒಂದು ದಾರಿ ಹುಡುಕಿದರು. ಬಡಾವಣೆಯ ಮಾದರಿಯನ್ನು ರಟ್ಟಿನಲ್ಲಿ ಮಾಡುವುದು. ಮಾಡುವವರು ಅಲ್ಲಿಯ ಜನರೇ, ಎಷ್ಟೋ ಸಲ ಶಾಲೆಯ ಮಕ್ಕಳು. ಅದನ್ನು ಜನ ಓಡಾಡುವ ಕಡೆ ಇಡುವುದು. ‘ಇಲ್ಲಿ ದೀಪ ಬೇಕು’, ‘ಇಲ್ಲಿ ಮಕ್ಕಳಿಗೆ ಆಡಲು ಜಾಗ’ ಅಂತೆಲ್ಲ ಇರುವ ಚೀಟಿಗಳನ್ನು ಬಂದವರು ಮಾದರಿಯ ಮೇಲೆ ತಮಗೆ ಬೇಕಾದ ಕಡೆ ಇಡುತ್ತಾರೆ. ಯಾರ ಚೀಟಿ ಅಂತ ಯಾರೂ ಕೇಳುವುದಿಲ್ಲ. ಆಮೇಲೆ ಎಲ್ಲರೂ ಸೇರಿ ಯಾವುದು ಈಗಲೇ ಆಗಬೇಕು, ಯಾವುದು ಸ್ವಲ್ಪ ಕಾಯಬಹುದು ಅಂತ ಬೇರೆ ಮಾಡುತ್ತಾರೆ. ಅಧಿಕಾರಿಗಳೂ ಅಲ್ಲೇ ಇರಬಹುದು, ಆದರೆ ಕೇಳಿದರೆ ಮಾತ್ರ ಮಾತಾಡಬೇಕು! ನನಗೆ ಬಹಳ ಹಿಡಿಸಿದ್ದು ಈ ನಿಯಮ. ಎಲ್ಲರ ಕಣ್ಣೂ ಮಾದರಿಯ ಮೇಲೇ ಇರುವುದರಿಂದ ಜಗಳವೂ ಕಮ್ಮಿ, ಸಂಕೋಚವೂ ಕಮ್ಮಿ.

ಅದಕ್ಕೇ ಹೇಳಿದ್ದು, ವೇದಿಕೆಯ ಜಾಗಕ್ಕೆ ಒಂದು ದೊಡ್ಡ ಮೇಜು ಹಾಕು ಅಂತ. ನಾಲ್ಕೂ ಕಡೆ ಸುತ್ತಾಡುವಂತಿರಲಿ. ಎತ್ತರ 75 ಸೆಂಟಿಮೀಟರ್ ಆಸುಪಾಸು ಸಾಕು, ಕೆಳಗೆ ಗಾಲಿಕುರ್ಚಿಯಲ್ಲಿ ಕೂತವರ ಮಂಡಿ ಹೋಗಬೇಕು. ಮಕ್ಕಳಿಗೂ ಕೈ ಎಟುಕಬೇಕು. ನಕ್ಷೆ ಓದುವುದು ನಿನಗೆ ನೀರು ಕುಡಿದಷ್ಟು ಸುಲಭ, ಎಲ್ಲರಿಗೂ ಅಲ್ಲ. ಮಾದರಿಯಾದರೆ ಯಾರೇ ಬಂದರೂ ಮೊದಲು ಹುಡುಕುವುದು ತಮ್ಮ ಮನೆ. ಮನೆ ಸಿಕ್ಕಿದ ಕೂಡಲೇ ಬೆರಳು ಅಲ್ಲಿಂದ ಹೊರಟು ಬಸ್ ಸ್ಟಾಪಿನ ದಾರಿ ಹಿಡಿಯುತ್ತದೆ. ಎಲ್ಲೋ ಒಂದು ಕಡೆ ತಡೆಯುತ್ತದೆ. ಬೆರಳು ಎಲ್ಲಿ ನಿಂತಿತು ಅಂತ ನೋಡಿಕೋ, ತೊಂದರೆ ಇರುವುದು ಅಲ್ಲೇ.

ಹೊರಗಿನ ಅಂಗಳದ ಕಲ್ಲುಬೆಂಚುಗಳ ಬಗ್ಗೆಯೂ ಒಂದು ಮಾತು. 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿದ ವಿಲಿಯಂ ವೈಟ್ ಒಂದು ತಮಾಷೆ ಕಂಡರು. ಎತ್ತಿಡಬಹುದಾದ ಕುರ್ಚಿ ಇದ್ದರೆ ಜನ ಕೂರುವ ಮೊದಲು ಅದನ್ನು ಸುಮ್ನೆ ಒಂದಿಷ್ಟು ಸರಿಸುತ್ತಾರೆ. ಅಷ್ಟರಲ್ಲೇ ಜಾಗ ತಮ್ಮದು ಅನ್ನಿಸಿಬಿಡುತ್ತದೆ. ಕಲ್ಲುಬೆಂಚಿನಲ್ಲಿ ಆ ಸುಖ ಇಲ್ಲ. 2009ರಲ್ಲಿ ಅದೇ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನ ಒಂದು ರಸ್ತೆಯಲ್ಲಿ ವಾಹನಗಳ ಓಡಾಟ ನಿಲ್ಲಿಸಿ, ಮೊದಲಿಗೆ ಮಡಚುವ ಅಗ್ಗದ ಕುರ್ಚಿ ಹಾಕಿಯೇ ಪರೀಕ್ಷೆ ನೋಡಿದ್ದು. ಜನ ಬಂದು ಕೂತರು. ಮರುವರ್ಷ ಅದನ್ನು ಕಾಯಂ ಮಾಡಿದರು. ನೀನೂ ಸಿಮೆಂಟ್ ಸುರಿಯುವ ಮೊದಲು ಹೀಗೇ ಇಟ್ಟು ನೋಡಬಹುದಲ್ವಾ?

ಬಾಗಿಲಲ್ಲಿ ರಿಜಿಸ್ಟರ್ ಪುಸ್ತಕ ಬೇಡ. ಸಂಜೆ, ಭಾನುವಾರ ತೆರೆದಿರಲಿ. ಇದು ನಿನಗೂ ಗೊತ್ತಿರುವುದೇ.

ನನಗೆ ನಿಜವಾಗಿ ಚಿಂತೆ ಇರುವುದು ಪೂರ್ವದ ಗೋಡೆಯದು. ಅಲ್ಲಿ ‘ಸಲಹಾ ಪೆಟ್ಟಿಗೆ’ ಅಂತ ಬರೆದಿದ್ದೀಯ. ಪೆಟ್ಟಿಗೆಯೊಳಗೆ ಹೋದದ್ದು ಏನಾಯಿತು ಅಂತ ಹಾಕಿದವರಿಗೆ ತಿಳಿಯುವುದೇ ಇಲ್ಲ. ಅಮೆರಿಕದ ಶೆರಿ ಆರ್ನ್‌ಸ್ಟೀನ್ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಬಿಡಿಸಿ ತೋರಿಸಿದರು. ಬರೀ ಅಭಿಪ್ರಾಯ ಕೇಳುವುದಕ್ಕೆ ಅಲ್ಲಿ ಸಿಕ್ಕಿದ್ದು ಕೆಳಗಿನಿಂದ ನಾಲ್ಕನೇ ಮೆಟ್ಟಿಲು. ತೋರಿಕೆಯ ಮೆಟ್ಟಿಲು ಅಂತಲೇ ಅವರ ಲೆಕ್ಕ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಿಂದ ಬಡಾವಣೆಯ ಸಭೆಗಳಿಗೆ ಜನ ಬಂದರು ಅಂದರೆ, ಅಲ್ಲಿ ನಗರದ ಬಜೆಟ್ಟಿನ ಒಂದು ಪಾಲು ಎಲ್ಲಿ ಖರ್ಚಾಗಬೇಕು ಅನ್ನುವ ತೀರ್ಮಾನವೇ ಆಗುತ್ತಿತ್ತು.

ಅಷ್ಟು ಅಧಿಕಾರ ಕೊಡಿಸುವುದು ನಿನ್ನ ಕೈಯಲ್ಲಿಲ್ಲ, ಒಪ್ಪುತ್ತೇನೆ. ಗೋಡೆಯಂತೂ ನಿನ್ನ ಕೈಯಲ್ಲಿದೆ. ಪೆಟ್ಟಿಗೆ ಕಿತ್ತು ಇಡೀ ಗೋಡೆಯನ್ನು ಫಲಕ ಮಾಡು. ಎಡಕ್ಕೆ ಜನ ಇಟ್ಟ ಚೀಟಿ, ಪಕ್ಕದಲ್ಲೇ ಅದಕ್ಕೆ ಉತ್ತರ, ತಾರೀಕು ಸಮೇತ. ‘ಆಗುವುದಿಲ್ಲ, ಕೆಳಗೆ ನೀರಿನ ಪೈಪ್ ಇದೆ’ ಅಂತಿದ್ದರೂ ಪರವಾಗಿಲ್ಲ. ಕಾರಣ ಹೇಳಿದರೆ ಜನ ಇನ್ನೊಂದು ಸಲ ಬರುತ್ತಾರೆ. ಸುಮ್ಮನಿದ್ದರೆ ಬರುವುದಿಲ್ಲ.

ಆ ಉತ್ತರ ಬರೆಯುವವರು ಯಾರು ಅಂತ ಕೆಲಸ ಕೊಟ್ಟವರ ಹತ್ತಿರ ಈಗಲೇ ಕೇಳು. ಬಾಯಿಮಾತು ಬೇಡ, ಕಾಗದದ ಮೇಲೆ ತಗೋ. ಅದು ಸಿಕ್ಕಿದ ಮೇಲೆ ಹೊಸ ನಕ್ಷೆ ಕಳಿಸು, ಮೇಜಿನ ಅಳತೆ ಕೂತು ಮಾತಾಡೋಣ.

ನಿನ್ನ ಗೆಳೆಯ