ನಾಯಿಮರಿಗೆ ಬೇಕಾದ ಆಹಾರ

ಮಾನ್ಯರೇ,

ನಾಯಿಮರಿಗೆ ಹಾಲು, ಅನ್ನ, ರಾಗಿ ಅಂಬಲಿಯಷ್ಟೇ ಸಾಕೆಂಬ ನಂಬಿಕೆ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಉಳಿದಿರುವುದು ಕಳವಳದ ಸಂಗತಿ. ಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಆ್ಯಫ್ಕೊ ಸಂಸ್ಥೆಯ ಪ್ರಕಾರ, ತೇವಾಂಶ ಕಳೆದು ಲೆಕ್ಕ ಹಾಕಿದಾಗ, ಬೆಳೆಯುವ ಮರಿಯ ಆಹಾರದಲ್ಲಿ ಕನಿಷ್ಠ ಶೇ 22.5ರಷ್ಟು ಪ್ರೋಟೀನ್ ಇರಬೇಕು. ವಯಸ್ಕ ನಾಯಿಗೆ ಶೇ 18 ಸಾಕು. ಪ್ರೋಟೀನ್ ಹೆಚ್ಚಾದರೆ ದೊಡ್ಡ ತಳಿಯ ಮರಿಗಳ ಮೂಳೆ ಕೆಡುತ್ತದೆ ಎಂಬ ಹಳೆಯ ಭಯಕ್ಕೆ ಆಧಾರವಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ಮರಿಗಳಿಗೆ ನಿಜವಾಗಿ ಕೇಡು ಮಾಡುವುದು ಅತಿಯಾಗಿ ಉಣ್ಣಿಸುವುದರಿಂದ ಆಗುವ ವೇಗದ ಬೆಳವಣಿಗೆ ಮತ್ತು ಮಿತಿಮೀರಿದ ಕ್ಯಾಲ್ಸಿಯಂ. ಏಕೆಂದರೆ ಹೆಚ್ಚುವರಿ ಕ್ಯಾಲ್ಸಿಯಂ ಹೀರಿಕೊಳ್ಳದಂತೆ ತಡೆಯುವ ಶಕ್ತಿ ಎಳೆಯ ಮರಿಯ ಕರುಳಿಗೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಮರಿಗಳಿಗೆಂದೇ ತಯಾರಾದ ಸಮತೋಲಿತ ಆಹಾರ ಕೊಡುವವರು ಪಶುವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಸಿರಪ್ ಕುಡಿಸಬಾರದೆಂದೂ, ಪೊಟ್ಟಣದ ಮೇಲಿನ ಪ್ರೋಟೀನ್ ಹಾಗೂ ಕ್ಯಾಲ್ಸಿಯಂ ಪ್ರಮಾಣಗಳೆರಡನ್ನೂ ಓದಬೇಕೆಂದೂ ವಿನಂತಿಸುತ್ತೇನೆ.

– ಓದುಗ, ಮೈಸೂರು